ನಾಣ್ಯದ ಕಿಲುಬು

ತಾಮ್ರದಲ್ಲಿ ಕಿಲುಬು ಕಂಡೊಡನೆ ಹುಣಿಸೆಹಣ್ಣನ್ನು ಹುಡುಕುವುದು ನಮ್ಮ ಮನೆಗಳ ಅಭ್ಯಾಸ. ಚೊಂಬು, ಪಂಚಪಾತ್ರೆ, ಉದ್ಧರಣೆಗಳಿಗೆ ಅದು ತಕ್ಕ ಮದ್ದೇ ಸರಿ. ಇನ್ನೂರು ವರ್ಷ ಮಣ್ಣಿನಲ್ಲಿ ಮಲಗಿದ್ದ ದುಡ್ಡಿಗೂ ಅದೇ ಮದ್ದನ್ನು ಮಾಡಿದರೆ ರೋಗದೊಡನೆ ರೋಗಿಯೂ ಹೋಗುತ್ತಾನೆ.

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಹಳೆಯ ನಾಣ್ಯ ಸಿಕ್ಕಿತೆಂದರೆ ಆಶ್ಚರ್ಯಪಡಬೇಕಾದ್ದಿಲ್ಲ. ಪುನ್ನಾಟದ ಅರಸರ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವುದು ಕಪಿಲೆಯ ದಡದ ಕಿತ್ತೂರನ್ನು. ಆ ಹಳೆಯ ಊರು ಈಗ ಕಬಿನಿ ಜಲಾಶಯದ ಪಾಲಾಗಿದೆ. ಬಾವಲಿಯ ಮೇಲೆ ವಯನಾಡಿಗಿಳಿಯುವ ದಾರಿಯೂ ಈ ನಾಡಿನದೇ. ಲೋಹಶೋಧಕ ಯಂತ್ರ ಹಿಡಿದು ಹೊಲ ಅಲೆಯುವುದು ಇಂಗ್ಲೆಂಡಿನಲ್ಲಿ ಬಲು ಪ್ರಸಿದ್ಧವಾದ ಹವ್ಯಾಸ; ನಮ್ಮಲ್ಲಿ ಆ ಕೆಲಸವನ್ನು ನೇಗಿಲೂ ಮುಂಗಾರು ಮಳೆಯೂ ಮಾಡುತ್ತವೆ.

ಕೋಟೆಯ ಕಡೆಯ ವಿದ್ಯಾರ್ಥಿಯೊಬ್ಬ ಅಂಥದೊಂದು ದುಡ್ಡನ್ನು ನನಗೆ ತಂದು ತೋರಿಸಿದ. “ನಮ್ಮವ್ವ ಹುಣಿಸೆಹಣ್ಣು ಹಾಕಿ ಉಜ್ಜವ್ಳೆ ಸಾರ್, ಹೆಂಗ್ ಹೊಳೀತದೆ ನೋಡಿ!” ಹೊಳೆಯುತ್ತಿತ್ತು, ನಿಜ. ಒಂದು ಮುಖದಲ್ಲಿ ಆನೆಯ ಬೆನ್ನು, ಸೊಂಡಿಲು ಅಸ್ಪಷ್ಟವಾಗಿ ಉಳಿದಿದ್ದವು. ಇನ್ನೊಂದು ಮುಖ ಬರಿಯ ಬಿಲ್ಲೆ.

ಆನೆಯೊಂದರಿಂದಲೇ ಏನನ್ನೂ ಹೇಳುವಂತಿಲ್ಲ. ಟಿಪ್ಪುವಿನ ತಾಮ್ರದ ನಾಣ್ಯಗಳ ಮೇಲೆ ಆನೆಯಿದೆ. 1799ರಲ್ಲಿ ಅವನು ಮಡಿದು ಪಟ್ಟಣ ಬಿದ್ದ ಮೇಲೆ ಸಿಂಹಾಸನವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರೂ ಮೊದಲಿಗೆ ಆನೆಯನ್ನೇ ಇಟ್ಟುಕೊಂಡರು. ಸಿಂಹ ಬಂದದ್ದು ಆಮೇಲೆ. ದೊರೆ ಬದಲಾದರೂ ಸಂತೆಯವರಿಗೆ ಪರಿಚಿತವಾದ ಗುರುತು ಬದಲಾಗಲಿಲ್ಲ. ಎರಡನ್ನೂ ಬೇರ್ಪಡಿಸಬೇಕಾದರೆ ಸಣ್ಣ ಗುರುತುಗಳನ್ನೇ ನೋಡಬೇಕು. ಆನೆಯ ಮೇಲೆ ಸೂರ್ಯಚಂದ್ರರೂ ‘ಶ್ರೀ’ಕಾರವೂ ಇದ್ದರೆ ಒಡೆಯರದು. ಬಲದಿಂದ ಎಡಕ್ಕೆ ಓದಬೇಕಾದ ಮೌಲೂದಿ ಶಕದ ಅಂಕಿಗಳಿದ್ದರೆ ಟಿಪ್ಪುವಿನದು. ಹಿಂಬದಿಯಲ್ಲಿ ಪಾರಸಿಯಲ್ಲಿ ಟಂಕಸಾಲೆಯ ಹೆಸರು: ‘ಪಟ್ಟಣ’ವೆಂದರೆ ಶ್ರೀರಂಗಪಟ್ಟಣ, ‘ನಗರ’ವೆಂದರೆ ಬಿದನೂರು. ಕಲ್ಲಿಕೋಟೆಯ ಅಚ್ಚಿನದೊಂದು ಬಾವಲಿಯ ದಾರಿಯಲ್ಲಿ ದೊರೆತರೆ ಮಲೆಯಾಳದ ವ್ಯಾಪಾರಕ್ಕೆ ಅದೊಂದು ಸಾಕ್ಷಿಯಾದೀತು. ಉಜ್ಜುವಾಗ ಮೊದಲು ಹೋಗುವುದು ಈ ಅಕ್ಷರಗಳೇ. ಹುಡುಗನ ಕೈಯಲ್ಲಿದ್ದದ್ದು 1799ರ ಈಚಿನದೋ ಆಚಿನದೋ, ಈಗ ಯಾರೂ ಹೇಳಲಾರರು.

ಕಾರಣ ಸರಳವಾಗಿದೆ. ಮಣ್ಣಿನ ತೇವ, ಗಾಳಿಗಳೊಡನೆ ತಾಮ್ರ ಕೂಡಿ ಮೊದಲು ಕೆಂಪು ಆಕ್ಸೈಡು, ಅದರ ಮೇಲೆ ಹಸುರು ಕಾರ್ಬೊನೇಟು ಆಗುತ್ತದೆ. ಟಂಕಿಸಿದ ಅಕ್ಷರದ ಮೈ ಎಷ್ಟೋ ವೇಳೆ ಉಳಿದಿರುವುದು ಈ ಪದರಗಳಲ್ಲಿಯೇ, ಒಳಗಿನ ಲೋಹದಲ್ಲಲ್ಲ. ಹುಣಿಸೆಯ ಟಾರ್ಟಾರಿಕ್ ಆಮ್ಲ ಪದರವನ್ನು ಕರಗಿಸಿದಾಗ ಅಕ್ಷರವೂ ಕರಗುತ್ತದೆ. ನಿಂಬೆಹಣ್ಣೂ ಅಷ್ಟೆ, ಬೂದಿ, ಇಟ್ಟಿಗೆಪುಡಿಗಳಾದರೆ ಉಳಿದದ್ದನ್ನೂ ಕೆರೆದುಬಿಡುತ್ತವೆ.

ಹಾಗಾದರೆ ತೊಳೆಯಲೇಬಾರದೆ? ತೊಳೆಯಬಹುದು, ಅವಸರವಿಲ್ಲದೆ. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ ನೀರನ್ನು ಬದಲಾಯಿಸುತ್ತ ಹೋಗಬೇಕು. ಮೆತ್ತಗಾದ ಮಣ್ಣನ್ನು ಭೂತಗನ್ನಡಿಯ ಕೆಳಗಿಟ್ಟು ಬಿದಿರುಕಡ್ಡಿಯಿಂದ ಬಿಡಿಸಬೇಕು, ಸೂಜಿ ಕೂಡದು. ಓದಲು ಬಂತೆಂದರೆ ಅಲ್ಲಿಗೇ ಕೈ ತೆಗೆಯುವುದು ಲೇಸು. ತಿಳಿಹಸುರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನ ಕಾಟ. ಒಣಗಿದ ಜಾಗದಲ್ಲಿಟ್ಟು ಬಲ್ಲವರಿಗೆ ತೋರಿಸಬೇಕು. ಕಂಠೀರವ ನರಸರಾಜ ಒಡೆಯರ ಕಾಲದಿಂದ ಬಂದ ಕಂಠೀರಾಯಿ ಹಣ ಚಿನ್ನದ್ದಾದ್ದರಿಂದ ಅದಕ್ಕೆ ಈ ಭಯ ಕಡಮೆ. ಅದರ ಭಯ ಬೇರೆ: ಬೇಳೆಗಿಂತ ಹೆಚ್ಚು ದೊಡ್ಡದಲ್ಲದ ನಾಣ್ಯ, ಬಚ್ಚಲ ತೂಬಿನಲ್ಲಿ ಹೋದರೆ ಹೋಯಿತು!

ನಾಣ್ಯ ಒಂಟಿಯಾಗಿ ಅರ್ಧ ಮಾತನ್ನಷ್ಟೇ ಆಡುತ್ತದೆ. 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯನ್ನು ಅಗೆದ ವ್ಹೀಲರ್ ಸಾಹೇಬರಿಗೆ ರೋಮಿನ ಟೈಬೀರಿಯಸ್‌ನ ಬೆಳ್ಳಿಯ ನಾಣ್ಯ ದೊರೆಯಿತು. ಮುಖ ಗುರುತಿಸುವಂತಿತ್ತು, ಸಿಕ್ಕ ಪದರವೂ ಗೊತ್ತಿತ್ತು. ಆದ್ದರಿಂದಲೇ ಜೊತೆಯ ಮಡಕೆಚೂರುಗಳ ಕಾಲ ನಿರ್ಣಯಕ್ಕೆ ಒಂದು ಆಧಾರವಾಯಿತು.

ಹುಡುಗನಿಗೆ ನಾನು ಕೇಳಿದ್ದೂ ಅದನ್ನೇ: ಯಾವ ಹೊಲ, ಎಷ್ಟು ಆಳ, ಜೊತೆಗೆ ಏನಿತ್ತು? ಹೊಲದ ಮೂಲೆಯನ್ನು ಅವನು ಚೆನ್ನಾಗಿ ಬಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆಯಿಸಿ ನಾಣ್ಯದೊಡನೆ ಲಕೋಟೆಗೆ ಹಾಕಿಸಿದೆ. ಗಡಿಗೆಯೇ ಸಿಕ್ಕರೆ ಮಾತ್ರ ಮನೆಗೊಯ್ಯಬೇಡ, ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿಯ ಕಾನೂನೇ ಇದೆ ಎಂದೆ. “ಗಡಿಗೆ ಎಲ್ ಸಿಕ್ಕದು ಸಾರ್!” ಎಂದು ನಕ್ಕು, ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಹೋದ.