ಚೌಕಿಯ ತೆಂಗಿನೆಣ್ಣೆ, ನಮ್ಮ ಮೇಕಪ್ ಬ್ರಷ್ಷು

ರಾಜಗೋಪಾಲನಗರದಿಂದ ಮಾತಾಡ್ತಿದ್ದೀನಿ. ಮೇಕಪ್ ಬ್ರಷ್ ತೊಳೆಯೋದು ಹೊಸ ಕಾಲದ ಶೋಕಿ ಅನ್ಕೊಂಡಿದ್ದೀರಾ? ಯಕ್ಷಗಾನದ ಚೌಕಿಗೆ, ಅಂದ್ರೆ ಬಣ್ಣ ಬರೆದುಕೊಳ್ಳುವ ಜಾಗಕ್ಕೆ, ಹೋಗೋಣ ಬನ್ನಿ.

ಅಲ್ಲಿ ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ! ಮುಖದ ಮೇಲೆ ಉಳಿಸಿಕೊಳ್ಳೋ ವಸ್ತುಗಳಲ್ಲ ಇವು. ಎಣ್ಣೆಯಲ್ಲಿ ಕಲಸಿದ ಬಣ್ಣ ಬರೀ ನೀರಿಗೆ ಬಿಡೋದೂ ಇಲ್ಲ. ಅದಕ್ಕೇ ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಒರೆಸೋದು, ಆಮೇಲೆ ಸೋಪು.

ಲಿಪ್‌ಸ್ಟಿಕ್, ಫೌಂಡೇಶನ್ ಬ್ರಷ್ಷಿಗೂ ಇದೇ ಲೆಕ್ಕ. ಟಿಶ್ಯೂ ಮೇಲೆ ಒಂದು ಹನಿ ಎಣ್ಣೆ, ಅದರಲ್ಲಿ ಬ್ರಷ್ ಉಜ್ಜಿ, ನಂತರ ತೊಳೆಯಿರಿ.

ಸೋಪಿನ ವಿಷಯಕ್ಕೆ ಬಂದ್ರೆ, ಮೊದಲ ಮಹಾಯುದ್ಧದಲ್ಲಿ ಗಂಧದ ರಫ್ತು ನಿಂತಾಗ, 1916ರ ಸುಮಾರಿಗೆ ಮೈಸೂರು ಸರ್ಕಾರ ಬೆಂಗಳೂರಲ್ಲೇ ಸೋಪು ಮಾಡೋಕೆ ಹೊರಟಿತು. ಹೆಮ್ಮೆಯ ಕಥೆಯೇ. ಆದ್ರೆ ಗಡಸು ಬೋರ್‌ವೆಲ್ ನೀರಲ್ಲಿ ಯಾವ ಸೋಪಾದರೂ ಕೂದಲಿಗೆ ಬಿಳಿ ಪದರ ಬಿಡುತ್ತೆ, ಶಾಂಪೂನೇ ವಾಸಿ.

ಪಿಜಿಯಲ್ಲಿ ನಾಲ್ಕು ಜನ ಒಂದೇ ಕಣ್ಣಿನ ಬ್ರಷ್ ಬಳಸ್ತಿದ್ರೆ ಇವತ್ತೇ ನಿಲ್ಲಿಸಿ, ಕಣ್ಣಿನ ಸೋಂಕು ಹಾಗೇ ಹರಡೋದು. ತೊಳೆಯುವಾಗ ಕೂದಲು ಕೆಳಮುಖವಾಗಿರಲಿ. ಹಿಡಿಯೊಳಗೆ ನೀರು ಹೋದ್ರೆ ಅಂಟು ಬಿಡುತ್ತೆ. ನಿಲ್ಲಿಸಬೇಡಿ, ಮಲಗಿಸಿ ಒಣಗಿಸಿ.