ವಿಶ್ವ ವಾಣಿಜ್ಯ ಕೇಂದ್ರದ ರಕ್ಷಣಾ ಸಿಬ್ಬಂದಿಯ ದೀರ್ಘಕಾಲೀನ ಅನಾರೋಗ್ಯ

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು ಕುಸಿದಾಗ ಆ ನಗರದ ಅಗ್ನಿಶಾಮಕ ಇಲಾಖೆಯ 343 ಮಂದಿ ಪ್ರಾಣ ಕಳೆದುಕೊಂಡರು. ಅಂದು ಬದುಕುಳಿದು ಅವಶೇಷಗಳ ನಡುವೆ ತಿಂಗಳುಗಟ್ಟಲೆ ದುಡಿದ ಅದೇ ಇಲಾಖೆಯವರಲ್ಲಿ, ಆ ಕೆಲಸದಿಂದ ಬಂದ ಕಾಯಿಲೆಗಳಿಗೆ ಬಲಿಯಾದವರ ಸಂಖ್ಯೆಯೂ 2023ರ ಸೆಪ್ಟೆಂಬರ್ ಕೊನೆಯ ಹೊತ್ತಿಗೆ 343ನ್ನು ಮುಟ್ಟಿತು. ಈ ಎರಡನೆಯ ಸಾವುಗಳನ್ನೂ ದುರಂತದ ಲೆಕ್ಕಕ್ಕೇ ಸೇರಿಸಬೇಕು. ಹಾಗೆ ಸೇರಿಸಲು ಕನಿಕರವೊಂದೇ ಆಧಾರವಲ್ಲ, ಅಳೆದು ನೋಡಿದ ಪುರಾವೆಯೂ ಇದೆ.

ಕುಸಿತದಿಂದ ಎದ್ದದ್ದು ಸಾಮಾನ್ಯ ಧೂಳಲ್ಲ. ಪುಡಿಯಾದ ಸಿಮೆಂಟು, ಜಿಪ್ಸಮ್, ಗಾಜಿನ ಎಳೆ, ಕಲ್ನಾರು, ಸೀಸ ಅದರಲ್ಲಿ ಬೆರೆತಿದ್ದವು. ಸಿಮೆಂಟಿನಿಂದಾಗಿ ತೀವ್ರ ಕ್ಷಾರೀಯವಾಗಿದ್ದ ಈ ಧೂಳು ಗಂಟಲು, ಶ್ವಾಸನಾಳಗಳ ಒಳಪದರವನ್ನು ಸುಡುವಂತಿತ್ತು. ಅವಶೇಷಗಳಡಿಯ ಬೆಂಕಿ ಡಿಸೆಂಬರ್‌ವರೆಗೆ ಆರಲಿಲ್ಲ. ತೆರವು ಕಾರ್ಯ 2002ರ ಮೇ ತಿಂಗಳವರೆಗೆ ನಡೆಯಿತು. ಮೊದಲ ದಿನಗಳಲ್ಲಿ ಬಹಳಷ್ಟು ಮಂದಿಗೆ ತಕ್ಕ ಉಸಿರು ರಕ್ಷಕಗಳಿರಲಿಲ್ಲ. ಆದರೂ ಕುಸಿತದ ಒಂದು ವಾರದೊಳಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಲ್ಲಿನ ಗಾಳಿ ಉಸಿರಾಟಕ್ಕೆ ಸುರಕ್ಷಿತ ಎಂದು ಸಾರಿತು. ಹಾಗೆ ಹೇಳಲು ಬೇಕಾದಷ್ಟು ಮಾಹಿತಿ ಆಗ ಇರಲಿಲ್ಲವೆಂದು ಅದೇ ಸಂಸ್ಥೆಯ ಆಂತರಿಕ ತಪಾಸಣಾಧಿಕಾರಿಯ ವರದಿ 2003ರಲ್ಲಿ ತಿಳಿಸಿತು.

ಅಗ್ನಿಶಾಮಕರ ವಿಷಯದಲ್ಲಿ ಸತ್ಯ ತಿಳಿಯಲು ನೆರವಾದದ್ದು ದುರಂತಕ್ಕೂ ಮುಂಚಿನ ಒಂದು ರೂಢಿ. ಇಲಾಖೆ ತನ್ನವರ ಶ್ವಾಸಕೋಶದ ಸಾಮರ್ಥ್ಯವನ್ನು ನಿಯತವಾಗಿ ಅಳೆದು ದಾಖಲಿಸುತ್ತಿತ್ತು. ಹಾಗಾಗಿ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದನ್ನು ಅದೇ ವ್ಯಕ್ತಿಯಲ್ಲಿ ಹೋಲಿಸಬಹುದಾಯಿತು. ಸುಮಾರು 12,800 ಸಿಬ್ಬಂದಿಯ ಏಳು ವರ್ಷಗಳ ಅಳತೆಗಳು 2010ರಲ್ಲಿ ಪ್ರಕಟವಾದವು. ಎಂದೂ ಧೂಮಪಾನ ಮಾಡದ ಅಗ್ನಿಶಾಮಕರು ಕೂಡ ಒಂದು ಸೆಕೆಂಡಿನಲ್ಲಿ ಹೊರಬಿಡಬಲ್ಲ ಗಾಳಿಯಲ್ಲಿ ಮೊದಲ ವರ್ಷವೇ ಸರಾಸರಿ 439 ಮಿಲಿಲೀಟರ್ ಕಳೆದುಕೊಂಡಿದ್ದರು. ವಯಸ್ಸಾಗುವುದರಿಂದ ವರ್ಷಕ್ಕೆ ಕುಗ್ಗುವುದು ಸುಮಾರು 30 ಮಿಲಿಲೀಟರ್ ಮಾತ್ರ. ಕಳೆದುಹೋದ ಸಾಮರ್ಥ್ಯ ಮುಂದಿನ ಆರು ವರ್ಷಗಳಲ್ಲಿ ಹೆಚ್ಚೇನೂ ಮರಳಲಿಲ್ಲ.

ಕ್ಯಾನ್ಸರ್ ಕುರಿತ ವಾದ ಇಷ್ಟು ಸರಳವಲ್ಲ. ಪದೇ ಪದೇ ತಪಾಸಣೆಗೆ ಒಳಗಾಗುವವರಲ್ಲಿ ರೋಗ ಹೆಚ್ಚಾಗಿ ಪತ್ತೆಯಾಗುವುದು ಸಹಜ ಎಂಬ ಆಕ್ಷೇಪಕ್ಕೆ ತೂಕವಿದೆ. 2011ರಲ್ಲಿ ಪ್ರಕಟವಾದ ಅಧ್ಯಯನ ಈ ಆಕ್ಷೇಪವನ್ನು ಎದುರಿಟ್ಟುಕೊಂಡೇ ಲೆಕ್ಕ ಹಾಕಿತು. ಧೂಳಿಗೆ ಒಡ್ಡಿಕೊಳ್ಳದ ಅಗ್ನಿಶಾಮಕರಿಗಿಂತ ಒಡ್ಡಿಕೊಂಡವರಲ್ಲಿ ಕ್ಯಾನ್ಸರ್ ಶೇ. 32ರಷ್ಟು ಹೆಚ್ಚು ಕಂಡಿತು; ತಪಾಸಣೆಯ ಪ್ರಭಾವವನ್ನು ಕಳೆದ ಮೇಲೆ ಅದು ಶೇ. 19ಕ್ಕೆ ಇಳಿಯಿತು. ಇಳಿದ ಅಂಕಿಯಲ್ಲಿ ಅನಿಶ್ಚಿತತೆ ಉಳಿದಿತ್ತೆಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಕ್ಯಾನ್ಸರ್ ಬೆಳೆಯಲು ದಶಕಗಳೇ ಹಿಡಿಯುತ್ತವೆ. ಈ ಅಧ್ಯಯನ ನೋಡಿದ್ದು ಮೊದಲ ಏಳು ವರ್ಷಗಳನ್ನಷ್ಟೇ. ಹೋಲಿಕೆಗೆ ಅಗ್ನಿಶಾಮಕರನ್ನೇ ತೆಗೆದುಕೊಂಡದ್ದಕ್ಕೂ ಕಾರಣವಿದೆ: ಅವರು ಜನಸಾಮಾನ್ಯರಿಗಿಂತ ದೃಢಕಾಯರು. ಅವರನ್ನು ಜನಸಾಮಾನ್ಯರೊಂದಿಗೆ ಹೋಲಿಸಿದರೆ ಹಾನಿ ಇದ್ದುದಕ್ಕಿಂತ ಕಡಿಮೆಯೇ ಕಾಣುತ್ತದೆ.

ಇಂತಿಂಥವನ ರೋಗಕ್ಕೆ ಆ ಧೂಳೇ ಕಾರಣ ಎಂದು ಸಾಬೀತುಪಡಿಸಿ ಎನ್ನುವುದು ಇನ್ನೊಂದು ಆಕ್ಷೇಪ. ಈ ರೋಗಿಗಳ ಚಿಕಿತ್ಸೆ, ಪರಿಹಾರಕ್ಕೆಂದು ಬಂದ ಕಾಯ್ದೆಗೆ ಯಾರ ಹೆಸರಿಟ್ಟರೋ ಆ ಪೊಲೀಸ್ ಅಧಿಕಾರಿ ಜೇಮ್ಸ್ ಝಡ್ರೋಗಾ ಅವರ ಸಾವಿನ ಕಾರಣದ ಬಗ್ಗೆಯೇ ವೈದ್ಯರು ಒಮ್ಮತಕ್ಕೆ ಬರಲಿಲ್ಲ. ಆದರೆ ಬೇರೆ ಬೇರೆ ಕಾರಣಗಳಿಂದ ಬರಬಹುದಾದ ರೋಗದಲ್ಲಿ ಒಬ್ಬೊಬ್ಬರಿಗೂ ಅಂಥ ಸಾಬೀತನ್ನು ಕೇಳುವುದು ಯಾರಿಗೂ ಏನೂ ಕೊಡದೆ ಕಳಿಸುವುದಕ್ಕೆ ಸಮ. ಗುಂಪಿನಲ್ಲಿ ಕಂಡ ಹೆಚ್ಚಳವನ್ನು ಆಧಾರವಾಗಿ ಹಿಡಿಯುವುದೇ ನ್ಯಾಯ. 2011ರ ಜನವರಿಯಲ್ಲಿ ಸಹಿಯಾದ ಆ ಕಾಯ್ದೆ ಬಹುಮಟ್ಟಿಗೆ ಈ ದಾರಿ ಹಿಡಿಯಿತು. ಮರುವರ್ಷ ಹಲವು ಬಗೆಯ ಕ್ಯಾನ್ಸರ್‌ಗಳೂ ಅದರ ಪಟ್ಟಿಗೆ ಸೇರಿದವು. 2015ರಲ್ಲಿ ಅದರಡಿಯ ಆರೋಗ್ಯ ಯೋಜನೆಯನ್ನು 2090ರವರೆಗೆ ವಿಸ್ತರಿಸಲಾಯಿತು.

ಮನಸ್ಸಿಗಾದ ಗಾಯವೂ ಎಲ್ಲರಲ್ಲಿ ಒಂದೇ ಬಗೆಯದಲ್ಲ. ದುರಂತದ ಎರಡು ಮೂರು ವರ್ಷಗಳ ನಂತರದ ಸಮೀಕ್ಷೆಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳು ಪೊಲೀಸರಲ್ಲಿ ಶೇ. 6.2ರಷ್ಟು ಮಂದಿಗಿದ್ದರೆ, ಯಾವ ಸಂಘಟನೆಗೂ ಸೇರದ ಸ್ವಯಂಸೇವಕರಲ್ಲಿ ಶೇ. 21.2ರಷ್ಟು ಮಂದಿಗಿದ್ದವು. ತರಬೇತಿಯಿಲ್ಲದೆ, ತಮ್ಮದಲ್ಲದ ಕೆಲಸಕ್ಕೆ ಕೈಹಾಕಿದವರೇ ಹೆಚ್ಚು ನೊಂದರು. ಕಟ್ಟಡ ಕಾರ್ಮಿಕರು, ಸುತ್ತಲಿನ ಕಚೇರಿಗಳ ಧೂಳು ಗುಡಿಸಿದ ವಲಸಿಗರು, ಈ ಸ್ವಯಂಸೇವಕರು — ಇವರಿಗೆ ಅಗ್ನಿಶಾಮಕರಿಗಿದ್ದಂಥ ಹಳೆಯ ವೈದ್ಯಕೀಯ ದಾಖಲೆ ಇರಲಿಲ್ಲ. ಅವರ ಹಾನಿಯ ಅಂದಾಜು ದುರ್ಬಲವಾಗಿರುವುದು ಆ ಕೊರತೆಯಿಂದ. ಅವರು ಕಡಿಮೆ ಧೂಳು ನುಂಗಿದ್ದರಿಂದಲ್ಲ.