ಹಾಸುಗಲ್ಲಿನ ಮೇಲೆ ಹುಲಿ, ಕುರಿ

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಲು ಹೋದವರ ಕಣ್ಣು ಸಾಮಾನ್ಯವಾಗಿ ಕಂಬ, ಛಾವಣಿ, ಶಿಖರಗಳ ಮೇಲಿರುತ್ತದೆ. ಕಾಲಡಿಯ ಹಾಸುಗಲ್ಲನ್ನು ಗಮನಿಸುವವರು ಕಡಿಮೆ. ಐಹೊಳೆ, ಪಟ್ಟದಕಲ್ಲುಗಳ ಕೆಲವು ಗುಡಿಗಳಲ್ಲಿ ಆ ಕಲ್ಲುಗಳ ಮೇಲೂ ಗೆರೆಗಳಿವೆ. ಅವು ಆಟದ ಮನೆಗಳು.

ಒಂದರೊಳಗೊಂದು ಮೂರು ಚೌಕ ಕೊರೆದಿದ್ದರೆ ಅದು ಸಾಲುಮನೆ ಆಟ. ಅದರಲ್ಲಿ 24 ಬಿಂದುಗಳು; ಇಬ್ಬರಿಗೂ ಒಂಬತ್ತೊಂಬತ್ತು ಹರಳು. ಮೂರನ್ನು ಸಾಲಾಗಿ ಕೂಡಿಸಿದವನು ಎದುರಾಳಿಯ ಒಂದು ಹರಳನ್ನು ಎತ್ತುತ್ತಾನೆ. ಹುಲಿ–ಕುರಿ ಆಟದ ಒಂದು ಬಗೆಯಲ್ಲಿ 3 ಹುಲಿ, 15 ಕುರಿ. ಪಕ್ಕದ ಕುರಿಯಾಚೆ ಮನೆ ಖಾಲಿಯಿದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಕುರಿಗೆ ಹಾರುವ ಹಕ್ಕಿಲ್ಲ. ಒಗ್ಗಟ್ಟಾಗಿ ನಿಂತು ಹುಲಿ ಕದಲದಂತೆ ಕಟ್ಟಿಹಾಕಬೇಕು. ಇವೆರಡರಲ್ಲೂ ಕವಡೆಯ ಅದೃಷ್ಟಕ್ಕೆ ಎಡೆಯಿಲ್ಲ, ಎಲ್ಲವೂ ಬುದ್ಧಿಯ ಲೆಕ್ಕ.

ಈ ಗೆರೆಗಳನ್ನು ಕೊರೆದವರು ಯಾರು? ಗುಡಿ ಚಾಲುಕ್ಯರದೆಂದು ಗೆರೆಯೂ ಆ ಕಾಲದ್ದೆನ್ನಲಾಗದು. ಕಲ್ಲುಕುಟಿಗರು, ಯಾತ್ರಿಕರು, ದನಗಾಹಿಗಳು ಯಾವ ಶತಮಾನದಲ್ಲಾದರೂ ಕೊರೆದಿರಬಹುದು. ಹೆಸರು ಕೆತ್ತುವ ರೂಢಿ ಆ ನಾಡಿನಲ್ಲಿ ಇರಲಿಲ್ಲವೆಂದೇನೂ ಅಲ್ಲ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಸರಿಗಟ್ಟಿಕೊಂಡಿದ್ದಾನೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಶಿಲ್ಪಿಗಳ ಹೆಸರೂ ಕಲ್ಲಿನ ಮೇಲಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನು ರಚಿಸಿ ತಮ್ಮ ಹೆಸರನ್ನು ಉಳಿಸಿಹೋದರು. ಹುಲಿ–ಕುರಿ ಕಂಡುಹಿಡಿದವನ ಹೆಸರು ಮಾತ್ರ ಎಲ್ಲೂ ಇಲ್ಲ.

ಇಂದು ಒಬ್ಬನೇ ಕುಳಿತು ಆಟ ರಚಿಸಿ, ಮೊಬೈಲ್ ಫೋನಿನಲ್ಲಿ ಪುಕ್ಕಟೆಯಾಗಿ ಹಂಚುವ ತರುಣರಿದ್ದಾರೆ. ಆಟ ಮಾಡುವುದಕ್ಕಿಂತ, ಲಕ್ಷಾಂತರ ಆಟಗಳ ಸಂತೆಯಲ್ಲಿ ತಮ್ಮದನ್ನು ನಾಲ್ಕು ಜನ ಆಡುವಂತೆ ಮಾಡುವುದೇ ಅವರಿಗೆ ಕಷ್ಟ. ಹಳೆಯ ಆಟಕ್ಕೆ ಆ ಚಿಂತೆ ಇರಲಿಲ್ಲ. ಜನ ಕೂಡುವ ಗುಡಿಯ ನೆರಳೇ ಅದರ ಜಾಹೀರಾತು. ಇಬ್ಬರು ಆಡುವಾಗ ಸುತ್ತ ನಿಂತವರು ನೋಡಿಯೇ ಕಲಿತರು. ಊರಿಗೆ ಮರಳಿ ಕಟ್ಟೆಯ ಮೇಲೆ ಇದ್ದಿಲಿನಿಂದ ಅದೇ ಮನೆ ಬರೆದರು.

ಆದರೆ ಅವರು ಕಲ್ಲಿನಲ್ಲಿ ಕೊರೆದದ್ದು ಮನೆಯನ್ನು ಮಾತ್ರ, ನಿಯಮವನ್ನಲ್ಲ. ನಿಯಮ ಅಜ್ಜನ ಬಾಯಿಂದ ಮೊಮ್ಮಗನಿಗೆ ಬರಬೇಕು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇಂಥ ಆಟಗಳ ಹಾಸುಗಳನ್ನು ಮತ್ತೆ ಮಾಡಿಸಿ, 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಜನರ ಮುಂದಿಡುತ್ತಾ ಬಂದಿದೆ. ಕಲ್ಲನ್ನು ಕಾಯಲು ಪುರಾತತ್ವ ಇಲಾಖೆಯಿದೆ. ಆಟವನ್ನು ಕಾಯಬೇಕಾದವರು ಆಡುವವರೇ. ಅವರು ಮರೆತ ದಿನ, ಹಾಸುಗಲ್ಲಿನ ಮೇಲೆ ಉಳಿಯುವುದು ಬರೀ ಗೀಟು.